ಒಂದು ಲೀಟರ್‌ನ ಲೆಕ್ಕವನ್ನು ಬಿಲ್ಲಿನಲ್ಲೇ ಅಚ್ಚು ಹಾಕಿ: ಇಂಧನ ತೆರಿಗೆ ಕುರಿತು ಎರಡೂ ಸರ್ಕಾರಗಳಿಗೆ ಬಹಿರಂಗ ಪತ್ರ

ಕೇಂದ್ರ ಹಣಕಾಸು ಸಚಿವರಿಗೆ ಮತ್ತು ಕರ್ನಾಟಕದ ಮುಖ್ಯಮಂತ್ರಿಗಳಿಗೆ,

ಮಾನ್ಯರೇ,

ಪೆಟ್ರೋಲ್ ಬಂಕಿನಲ್ಲಿ ಕೊಡುವ ಬಿಲ್ಲನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಬಂಕಿನ ಹೆಸರು, ದಿನಾಂಕ, ನಾಜಲ್ ಸಂಖ್ಯೆ, ಲೀಟರ್ ದರ, ಎಷ್ಟು ಲೀಟರ್, ಒಟ್ಟು ಎಷ್ಟು. ಅಲ್ಲಿಗೆ ಮುಗಿಯಿತು. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರೂ ಬಿಲ್ಲಿನ ಕೊನೆಯಲ್ಲಿ ಕೇಂದ್ರದ ಜಿಎಸ್‌ಟಿ ಇಷ್ಟು, ರಾಜ್ಯದ ಜಿಎಸ್‌ಟಿ ಇಷ್ಟು ಎಂದು ಎರಡು ಸಾಲು ಇರುತ್ತದೆ. ಕರೆಂಟ್ ಬಿಲ್ಲಿನಲ್ಲೂ ತೆರಿಗೆಗೆ ಬೇರೆ ಸಾಲಿದೆ. 2025ರಲ್ಲಿ ಬೆಲೆಯ ನೂರರಲ್ಲಿ ನಲವತ್ತಕ್ಕೂ ಹೆಚ್ಚು ರೂಪಾಯಿ ತೆರಿಗೆಯೇ ಆಗಿದ್ದ ಪೆಟ್ರೋಲಿನ ಬಿಲ್ಲಿನಲ್ಲಿ ಮಾತ್ರ ತೆರಿಗೆ ಎಂಬ ಪದವೇ ಇಲ್ಲ.

ಈ ಖಾಲಿ ಜಾಗದಿಂದ ನಿಮ್ಮಿಬ್ಬರಿಗೂ ಅನುಕೂಲವಾಗಿದೆ. ದರ ಏರಿದಾಗ ಬೆಂಗಳೂರು ದೆಹಲಿಯತ್ತ ಬೆರಳು ತೋರಿಸುತ್ತದೆ, ದೆಹಲಿ ಬೆಂಗಳೂರಿನತ್ತ ತೋರಿಸುತ್ತದೆ, ಇಬ್ಬರೂ ಸೇರಿ ಕೊಲ್ಲಿ ದೇಶಗಳತ್ತ ತೋರಿಸುತ್ತೀರಿ. ದುಡ್ಡು ಕೊಟ್ಟವನಿಗೆ ಯಾರ ಪಾಲು ಎಷ್ಟು ಎಂದು ಗೊತ್ತಾಗುವುದಿಲ್ಲ. ಇಂಧನ, ಸಾಗಾಟ ಮತ್ತು ತೆರಿಗೆಯ ಲೆಕ್ಕವನ್ನು ದಿನವೂ ನೋಡುವ ನಾವು ಆ ಖಾಲಿ ಜಾಗವನ್ನು ಇಲ್ಲಿ ತುಂಬುತ್ತಿದ್ದೇವೆ. ಬಳಿಕ ನಿಮ್ಮಿಂದ ಏನು ಆಗಬೇಕು ಎಂಬುದನ್ನೂ ಹೇಳುತ್ತೇವೆ.

ಲೆಕ್ಕಕ್ಕೆ ನಾವು 2025ರ ಏಪ್ರಿಲ್ ತಿಂಗಳನ್ನು ಆರಿಸಿಕೊಂಡಿದ್ದೇವೆ. ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಏಪ್ರಿಲ್ 8ರಿಂದ ಕೇಂದ್ರ ಸರ್ಕಾರ ಪೆಟ್ರೋಲ್ ಮತ್ತು ಡೀಸೆಲ್ ಎರಡರ ಮೇಲೂ ಲೀಟರಿಗೆ 2 ರೂಪಾಯಿ ಅಬಕಾರಿ ಸುಂಕ (ತಯಾರಾದ ಸರಕಿನ ಮೇಲೆ ಬೀಳುವ ತೆರಿಗೆ) ಹೆಚ್ಚಿಸಿತು. ಒಂದೇ ವಾರದ ಅಂತರದಲ್ಲಿ ಎರಡೂ ಕೈಗಳು ಒಂದೇ ಜೇಬಿಗೆ ಇಳಿದ ಆ ತಿಂಗಳನ್ನು ಬಿಡಿಸಿ ನೋಡಿದರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ.

ಆಗ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 102.92 ರೂಪಾಯಿ ಇತ್ತು. ಅದರಲ್ಲಿ ತೈಲ ಕಂಪನಿಗೆ ಸೇರುವುದು ಸಾಗಣೆ ವೆಚ್ಚವೂ ಸೇರಿ ಸುಮಾರು 54 ರೂಪಾಯಿ. ಕೇಂದ್ರದ ಸುಂಕ 21.90. ಬಂಕ್ ಮಾಲೀಕರ ಕಮಿಷನ್ ಸುಮಾರು 4.40. ರಾಜ್ಯದ ಮಾರಾಟ ತೆರಿಗೆ 22.65ರ ಆಸುಪಾಸು. ಅಂದರೆ ಎರಡು ಸರ್ಕಾರಗಳ ಪಾಲು ಕೂಡಿ ನಲವತ್ನಾಲ್ಕೂವರೆ ರೂಪಾಯಿ, ಬೆಲೆಯ ಶೇ 43. ಡೀಸೆಲ್ 91.02 ರೂಪಾಯಿ ಇತ್ತು. ಅದರಲ್ಲಿ ಕೇಂದ್ರಕ್ಕೆ 17.80, ರಾಜ್ಯಕ್ಕೆ ಸುಮಾರು 15.40, ಬಂಕಿಗೆ 3 ರೂಪಾಯಿ, ಉಳಿದದ್ದು ಕಂಪನಿಗೆ.

ರಾಜ್ಯದ ಪಾಲನ್ನು ಬಿಲ್ಲಿನಲ್ಲಿ ಲೀಟರ್ ಲೆಕ್ಕದಲ್ಲಿ ತೋರಿಸದಿದ್ದರೂ ಓದುಗರು ತಾವೇ ಅದನ್ನು ಕಂಡುಹಿಡಿಯಬಹುದು. 2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ವ್ಯತ್ಯಾಸ 3.92. ಅಂದು ಬೆಂಗಳೂರಿನ ದರ 99.84ರಿಂದ 102.84ಕ್ಕೆ, ಅಂದರೆ 3 ರೂಪಾಯಿ ಏರಿತು. ನೂರಕ್ಕೆ 3.92ರಂತೆ 3 ರೂಪಾಯಿ ತೆರಿಗೆ ಹುಟ್ಟಬೇಕಾದರೆ ತೆರಿಗೆ ಬೀಳುವ ಮೊತ್ತ 76 ರೂಪಾಯಿ 50 ಪೈಸೆ ಇರಬೇಕು. ಕಂಪನಿಯ ಬೆಲೆ ಮತ್ತು ಕೇಂದ್ರದ ಸುಂಕ ಕೂಡಿದರೆ ಸರಿಸುಮಾರು ಅಷ್ಟೇ ಬರುತ್ತದೆ. ಹಾಗಾಗಿ ಎರಡು ಸಂಗತಿ ಸ್ಪಷ್ಟ. ಕರ್ನಾಟಕದಲ್ಲಿ ಬಂಕಿನ ಕಮಿಷನ್ ಮೇಲೆ ಮಾರಾಟ ತೆರಿಗೆ ಬೀಳುವುದಿಲ್ಲ. ಕೇಂದ್ರದ ಸುಂಕದ ಮೇಲೆ ಬೀಳುತ್ತದೆ.

ಈ ಎರಡನೆಯದನ್ನು ಗಮನಿಸಿ, ಮುಖ್ಯಮಂತ್ರಿಗಳೇ. ಆ ತಿಂಗಳು ಕೇಂದ್ರ ವಸೂಲು ಮಾಡುತ್ತಿದ್ದ 21.90 ರೂಪಾಯಿಯ ಮೇಲೆ ಶೇ 29.84 ಎಂದರೆ 6 ರೂಪಾಯಿ 53 ಪೈಸೆ. ನಿಮಗೆ ಪ್ರತಿ ಲೀಟರಿನಿಂದ ಬರುತ್ತಿದ್ದ 22.65ರಲ್ಲಿ ಆರೂವರೆ ರೂಪಾಯಿ ಬರೀ ತೆರಿಗೆಯ ಮೇಲಿನ ತೆರಿಗೆ. ಕೇಂದ್ರ ಸುಂಕ ಏರಿಸಿದಾಗಲೆಲ್ಲ ರಾಜ್ಯದ ನಾಯಕರು ಪ್ರತಿಭಟಿಸುತ್ತಾರೆ, ಸರಿಯೇ. ಆದರೆ ಆ ಏರಿಕೆ ಬಂಕಿನ ದರಕ್ಕೆ ದಾಟಿದಾಗ ಪ್ರತಿ ರೂಪಾಯಿಗೆ ಮೂವತ್ತು ಪೈಸೆ ರಾಜ್ಯದ ಬೊಕ್ಕಸಕ್ಕೂ ಬಂದು ಬೀಳುತ್ತದೆ. ಇದನ್ನು ಯಾರೂ ಹೇಳುವುದಿಲ್ಲ.

ಈಗ ಕಚ್ಚಾ ತೈಲಕ್ಕೆ ಬರೋಣ. ದರ ಏರಿಕೆಗೆ ಅದು ಕಾರಣವಲ್ಲ ಎಂದು ನಾವು ಹೇಳುತ್ತಿಲ್ಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಡಾಲರ್‌ನಲ್ಲಿ ಕೊಳ್ಳುತ್ತೇವೆ. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಡಾಲರ್‌ಗೆ 85 ರೂಪಾಯಿ ಇರುವಾಗ ಬ್ಯಾರೆಲ್ ದರ 1 ಡಾಲರ್ ಏರಿದರೆ ಲೀಟರಿಗೆ 53 ಪೈಸೆ ಹೆಚ್ಚುತ್ತದೆ. ಬ್ಯಾರೆಲ್ 70 ಡಾಲರ್ ಇರುವಾಗ ರೂಪಾಯಿ ಒಂದು ರೂಪಾಯಿಯಷ್ಟು ಕುಸಿದರೆ ಲೀಟರಿಗೆ 44 ಪೈಸೆ ಹೆಚ್ಚುತ್ತದೆ. ಎರಡನೆಯ ಕಾರಣವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. 2014ರ ಮೇ ತಿಂಗಳಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆ ಬ್ಯಾರೆಲ್‌ಗೆ 106 ಡಾಲರ್ ದಾಟಿತ್ತು, ಡಾಲರ್‌ಗೆ 59 ರೂಪಾಯಿ ಚಿಲ್ಲರೆ ಇತ್ತು. ಲೀಟರಿಗೆ ತಿರುಗಿಸಿದರೆ ಸುಮಾರು 40 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಬ್ಯಾರೆಲ್ 68 ಡಾಲರ್ ಹತ್ತಿರ, ಡಾಲರ್ 85 ರೂಪಾಯಿ ಮೇಲೆ. ಲೀಟರಿಗೆ 36ರಿಂದ 37 ರೂಪಾಯಿ. ಡಾಲರ್‌ನಲ್ಲಿ ಬೆಲೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದ್ದರೂ ನಮ್ಮ ರೂಪಾಯಿಯಲ್ಲಿ ಇಳಿದದ್ದು ಮೂರೋ ನಾಲ್ಕೋ ರೂಪಾಯಿ. "ಕಚ್ಚಾ ತೈಲ ಅರ್ಧಕ್ಕೆ ಬಂದರೂ ಪೆಟ್ರೋಲ್ ಯಾಕೆ ಇಳಿದಿಲ್ಲ" ಎಂದು ಕೇಳುವವರು ಈ ಲೆಕ್ಕವನ್ನೂ ನೋಡಬೇಕು.

ಆದರೆ ಇಳಿಯದಿದ್ದರೂ ಏರಬಾರದಿತ್ತಲ್ಲ? ದೆಹಲಿಯಲ್ಲಿ 2014ರ ಮೇ ತಿಂಗಳಲ್ಲಿ 71.41 ಇದ್ದ ಪೆಟ್ರೋಲ್ 2025ರ ಏಪ್ರಿಲ್‌ನಲ್ಲಿ 94.77 ಆಗಿತ್ತು, 23 ರೂಪಾಯಿ 36 ಪೈಸೆ ಹೆಚ್ಚು. ಅದೇ ಅವಧಿಯಲ್ಲಿ ಕೇಂದ್ರದ ಸುಂಕ 9.48ರಿಂದ 21.90ಕ್ಕೆ ಏರಿದೆ. ಹೆಚ್ಚಳದ ಅರ್ಧಕ್ಕಿಂತ ಹೆಚ್ಚು ಇದೊಂದೇ. ಡೀಸೆಲ್ ಮೇಲಿನ ಸುಂಕ ಇನ್ನೂ ಜೋರಾಗಿ, 3.56ರಿಂದ 17.80ಕ್ಕೆ, ಅಂದರೆ ಐದು ಪಟ್ಟು ಏರಿತು. ಉಳಿದ ಹೆಚ್ಚಳದಲ್ಲಿ ದೆಹಲಿ ಸರ್ಕಾರದ ಮಾರಾಟ ತೆರಿಗೆ (ವ್ಯಾಟ್), ಬಂಕಿನ ಕಮಿಷನ್ ಮತ್ತು ಕಂಪನಿಗಳ ಪಾಲು ಸೇರಿವೆ.

ಕಂಪನಿಗಳ ಪಾಲಿನ ಬಗ್ಗೆಯೂ ಒಂದು ಮಾತು. ಕಚ್ಚಾ ತೈಲ ಲೀಟರಿಗೆ 37 ರೂಪಾಯಿ, ಕಂಪನಿಗೆ ಸೇರುವುದು 54. ನಡುವಿನ 17 ರೂಪಾಯಿ ಪೂರಾ ಲಾಭ ಅಲ್ಲ. ಸಂಸ್ಕರಣೆಗೆ ಖರ್ಚಿದೆ, ಸಂಸ್ಕರಣೆಯಲ್ಲೇ ಸ್ವಲ್ಪ ತೈಲ ಉರಿದುಹೋಗುತ್ತದೆ, ಡಾಂಬರು ಮತ್ತು ಫರ್ನೇಸ್ ಎಣ್ಣೆಯಂಥ ಅಗ್ಗದ ಪದಾರ್ಥಗಳ ಹೊರೆಯನ್ನು ಪೆಟ್ರೋಲ್ ಡೀಸೆಲ್ ಹೊರಬೇಕು. ಆದರೆ ರಿಫೈನರಿ ಬಾಗಿಲಿನ ಬೆಲೆ ನಿಗದಿಯಾಗುವುದು ಈ ಖರ್ಚಿನ ಮೇಲಲ್ಲ. 2006ರಿಂದ ಜಾರಿಯಲ್ಲಿರುವ ಸೂತ್ರದಲ್ಲಿ, ಸಿದ್ಧ ಪೆಟ್ರೋಲನ್ನು ಹೊರದೇಶದಿಂದ ತರಿಸಿದ್ದರೆ ಬೀಳುತ್ತಿದ್ದ ಬೆಲೆಗೆ ಶೇ 80 ತೂಕ, ಹೊರದೇಶಕ್ಕೆ ಮಾರಿದ್ದರೆ ಸಿಗುತ್ತಿದ್ದ ಬೆಲೆಗೆ ಶೇ 20 ತೂಕ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿ ತಯಾರಾಗಿ, ಹಾಸನದ ಮೂಲಕ ಪೈಪ್‌ಲೈನಿನಲ್ಲಿ ಬೆಂಗಳೂರಿನ ಅಂಚಿನ ದೇವನಗೊಂದಿಗೆ ಹರಿದು ಬರುವ ಪೆಟ್ರೋಲಿಗೂ ಬೆಲೆ ಕಟ್ಟುವ ಮಾದರಿ ಇದೇ: ಹಡಗಿನಲ್ಲಿ ಬಂದಿದ್ದರೆ ತಗಲುತ್ತಿದ್ದ ಬಾಡಿಗೆ, ವಿಮೆ, ಆಮದು ಸುಂಕ ಲೆಕ್ಕಕ್ಕೆ ಸೇರುತ್ತವೆ.

ದಿನವೂ ದರ ಬದಲಾಗುವ ಪದ್ಧತಿ 2017ರ ಜೂನ್ 16ರಿಂದ ದೇಶದಾದ್ಯಂತ ಇದೆ. ಪೆಟ್ರೋಲ್ ದರದ ನಿಯಂತ್ರಣ 2010ರ ಜೂನ್‌ನಲ್ಲೇ ತೆರವಾಯಿತು, ಡೀಸೆಲ್‌ನದು 2014ರ ಅಕ್ಟೋಬರ್‌ನಲ್ಲಿ. ಕಾಗದದ ಮೇಲೆ ಮಾರುಕಟ್ಟೆಯದೇ ಆಟ. ನಡೆದದ್ದು ಬೇರೆ. 2021ರ ನವೆಂಬರ್ ಮೊದಲ ವಾರದಿಂದ ಉತ್ತರ ಪ್ರದೇಶವೂ ಸೇರಿ ಐದು ರಾಜ್ಯಗಳ ಚುನಾವಣೆ ಮುಗಿಯುವವರೆಗೆ, ನಾಲ್ಕೂವರೆ ತಿಂಗಳು, ಕಂಪನಿಗಳು ದರ ಮುಟ್ಟಲಿಲ್ಲ. 2022ರ ಮಾರ್ಚ್ 22ರಿಂದ ಏಪ್ರಿಲ್ 6ರವರೆಗೆ ಹದಿನಾರು ದಿನದಲ್ಲಿ 10 ರೂಪಾಯಿ ಏರಿಸಿದವು. ಆಮೇಲೆ ಮತ್ತೆ ಮೌನ. ಲೋಕಸಭೆ ಚುನಾವಣೆ ಘೋಷಣೆಗೆ ಎರಡು ದಿನ ಮೊದಲು, 2024ರ ಮಾರ್ಚ್ 14ರಂದು, 2 ರೂಪಾಯಿ ಇಳಿಕೆ ಪ್ರಕಟವಾಯಿತು. ಈ ನಡುವೆ ಮೂರು ಸರ್ಕಾರಿ ತೈಲ ಕಂಪನಿಗಳು ಮೊದಲು ನಷ್ಟ ಅನುಭವಿಸಿದ್ದು ನಿಜ. ಆದರೆ 2023–24ರಲ್ಲಿ ಮೂರರ ಲಾಭ ಕೂಡಿ ಸುಮಾರು 81,000 ಕೋಟಿ ರೂಪಾಯಿ ಆಯಿತು. ನಷ್ಟದ ದಿನಗಳಲ್ಲಿ ದರ ಹಿಡಿದಿಟ್ಟದ್ದನ್ನು ಜನರಿಗೆ ಮಾಡಿದ ಉಪಕಾರ ಎನ್ನುವವರು, ಲಾಭದ ದಿನಗಳಲ್ಲಿ ಇಳಿಸದೆ ಹಿಡಿದಿಟ್ಟದ್ದನ್ನು ಏನೆನ್ನಬೇಕು?

ಸುಂಕ ಹೇಗೆ ಏರುತ್ತದೆ ಎಂಬುದಕ್ಕೆ 2020ರ ಬೇಸಿಗೆಗಿಂತ ಒಳ್ಳೆಯ ಪಾಠ ಇಲ್ಲ. ಕೊರೊನಾ ಲಾಕ್‌ಡೌನ್‌ನಿಂದ ಲೋಕವೇ ನಿಂತು, ಆ ಏಪ್ರಿಲ್‌ನಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬ್ಯಾರೆಲ್‌ಗೆ 20 ಡಾಲರ್‌ಗೆ ಕುಸಿಯಿತು. ಕೇಂದ್ರ ಮಾರ್ಚ್ 14ರಂದು ಲೀಟರಿಗೆ 3 ರೂಪಾಯಿ, ಮೇ 5ರ ರಾತ್ರಿ ಪೆಟ್ರೋಲಿಗೆ 10 ರೂಪಾಯಿ, ಡೀಸೆಲ್‌ಗೆ 13 ರೂಪಾಯಿ ಸುಂಕ ಏರಿಸಿತು. ಪೆಟ್ರೋಲ್ ಮೇಲಿನ ಸುಂಕ 32.98, ಡೀಸೆಲ್ ಮೇಲಿನದು 31.83 ಆಯಿತು. ಬಂಕಿನ ದರ ಆ ರಾತ್ರಿ ಏರಲಿಲ್ಲ, ಏಕೆಂದರೆ ಇಳಿಯಬೇಕಾಗಿದ್ದ ಅಷ್ಟೂ ದುಡ್ಡನ್ನು ಸುಂಕ ನುಂಗಿತು. ಕರ್ನಾಟಕವೂ ಆ ಏಪ್ರಿಲ್‌ನಲ್ಲೇ ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ಶೇ 32ರಿಂದ 35ಕ್ಕೆ, ಡೀಸೆಲ್‌ಗೆ ಶೇ 21ರಿಂದ 24ಕ್ಕೆ ಏರಿಸಿತು. ಜೂನ್ 7ರಿಂದ ಕಚ್ಚಾ ತೈಲ ಚೇತರಿಸಿಕೊಂಡಂತೆ ಬಂಕಿನ ದರ ಮೂರು ವಾರ ಒಂದೇ ಸಮನೆ ಏರಿತು. ಏರಿಸಿದ ಸುಂಕ ಮಾತ್ರ ಇದ್ದಲ್ಲೇ ಇತ್ತು. ಕೆಳಗಿಳಿಯುವಾಗ ಸರ್ಕಾರದ ಪಾಲು, ಮೇಲೇರುವಾಗ ಜನರ ಪಾಲು ಎಂಬ ಪದ್ಧತಿ ಅಲ್ಲಿ ಬಿಚ್ಚಿ ಕಾಣಿಸಿತು.

ಬಳಿಕ ಇಳಿಸಿದ್ದೂ ಉಂಟು. 2021ರ ನವೆಂಬರ್‌ನಲ್ಲಿ ಕೇಂದ್ರ ಪೆಟ್ರೋಲಿಗೆ 5, ಡೀಸೆಲ್‌ಗೆ 10 ರೂಪಾಯಿ ಇಳಿಸಿತು, ಕರ್ನಾಟಕ ಎರಡಕ್ಕೂ ಲೀಟರಿಗೆ 7 ರೂಪಾಯಿಯಂತೆ ಇಳಿಸಿತು. 2022ರ ಮೇ 22ರಂದು ಕೇಂದ್ರ ಮತ್ತೆ ಪೆಟ್ರೋಲಿಗೆ 8, ಡೀಸೆಲ್‌ಗೆ 6 ರೂಪಾಯಿ ಇಳಿಸಿತು. ಆ ದಿನದ ಬೆಂಗಳೂರಿನ ಲೆಕ್ಕವನ್ನೇ ನೋಡಿ. ಆಗ ಪೆಟ್ರೋಲ್ ಮಾರಾಟ ತೆರಿಗೆ ಶೇ 25.92. ಸುಂಕ 8 ರೂಪಾಯಿ ಇಳಿದರೆ ಅದರ ಮೇಲಿನ ರಾಜ್ಯದ ತೆರಿಗೆ 2.07 ರೂಪಾಯಿ ತಾನಾಗಿಯೇ ಇಳಿಯಬೇಕು. ಒಟ್ಟು 10.07. ಬಂಕಿನ ದರ ಇಳಿದದ್ದು 111.09ರಿಂದ 101.94ಕ್ಕೆ, ಅಂದರೆ 9.15. ಉಳಿದ 92 ಪೈಸೆ ಯಾರ ಖಾತೆಗೆ ಹೋಯಿತು ಎಂದು ಕೇಳಿದರೆ ತೋರಿಸಲು ಗ್ರಾಹಕನ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ತೈಲ ಕಂಪನಿಗಳು ದೆಹಲಿಯ ದರವನ್ನು ಬಿಡಿಸಿ ತೋರಿಸುತ್ತವೆ. ಬೆಂಗಳೂರು, ಕಲಬುರಗಿ, ಕಾರವಾರದ ದರವನ್ನು ಹಾಗೆ ಬಿಡಿಸಿ ಬಂಕಿನಲ್ಲಿ ಹಾಕುವುದಿಲ್ಲ.

ಕೇಂದ್ರ ಹಣಕಾಸು ಸಚಿವರೇ, ನೀವು ರಾಜ್ಯಸಭೆಯಲ್ಲಿ ಕರ್ನಾಟಕವನ್ನೇ ಪ್ರತಿನಿಧಿಸುತ್ತೀರಿ. ಹಾಗಾಗಿ ಮುಂದಿನ ಲೆಕ್ಕವನ್ನು ವಿಶೇಷವಾಗಿ ನಿಮ್ಮ ಮುಂದೆ ಇಡುತ್ತೇವೆ. 2025ರ ಏಪ್ರಿಲ್‌ನಲ್ಲಿ ಪೆಟ್ರೋಲ್ ಮೇಲಿದ್ದ 21.90 ರೂಪಾಯಿ ಒಂದೇ ಸುಂಕವಾಗಿರಲಿಲ್ಲ, ನಾಲ್ಕು ತುಂಡಾಗಿತ್ತು. ಮೂಲ ಅಬಕಾರಿ ಸುಂಕ 1.40, ವಿಶೇಷ ಹೆಚ್ಚುವರಿ ಸುಂಕ 13, ರಸ್ತೆ ಮತ್ತು ಮೂಲಸೌಕರ್ಯ ಸೆಸ್ (ನಿರ್ದಿಷ್ಟ ಕೆಲಸಕ್ಕೆಂದು ಹಾಕುವ ತೆರಿಗೆ) 5, ಕೃಷಿ ಮೂಲಸೌಕರ್ಯ ಸೆಸ್ 2.50. ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ ಮತ್ತು ಸರ್ಚಾರ್ಜ್‌ಗಳನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಿಲ್ಲ. ವಿಶೇಷ ಹೆಚ್ಚುವರಿ ಸುಂಕವೂ ಸರ್ಚಾರ್ಜ್ ಲೆಕ್ಕಕ್ಕೇ ಸೇರುವುದರಿಂದ ಹಂಚಿಕೆಗೆ ಬರುತ್ತಿದ್ದದ್ದು ಆ 1.40 ಮಾತ್ರ. ಆಗ ಜಾರಿಯಲ್ಲಿದ್ದ 15ನೇ ಹಣಕಾಸು ಆಯೋಗದ ಶೇ 41ರ ಪ್ರಕಾರ ಎಲ್ಲ ರಾಜ್ಯಗಳಿಗೂ ಸೇರಿ 57 ಪೈಸೆ. ಅದರಲ್ಲಿ ಆಗ ಕರ್ನಾಟಕದ ಪಾಲು ಶೇ 3.647, ಅಂದರೆ 2 ಪೈಸೆ. ದೇಶದಲ್ಲಿ ಎಲ್ಲೇ ಮಾರಾಟವಾಗುವ ಒಂದು ಲೀಟರ್ ಪೆಟ್ರೋಲಿನಿಂದ ಕೇಂದ್ರಕ್ಕೆ 21 ರೂಪಾಯಿ 90 ಪೈಸೆ, ಕರ್ನಾಟಕಕ್ಕೆ 2 ಪೈಸೆ. ಡೀಸೆಲ್‌ನಲ್ಲಿ ಮೂಲ ಸುಂಕ 1.80, ಕರ್ನಾಟಕಕ್ಕೆ ಮೂರು ಪೈಸೆಯೂ ತುಂಬುತ್ತಿರಲಿಲ್ಲ. ರಸ್ತೆ ಸೆಸ್‌ನ ಒಂದಷ್ಟು ಭಾಗ ರಸ್ತೆ ಕಾಮಗಾರಿಗಳ ರೂಪದಲ್ಲಿ ರಾಜ್ಯಗಳಿಗೆ ಬರುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ನೀವು ಕೊಟ್ಟಾಗ ಬರುವ ಹಣ, ಹಕ್ಕಿನಿಂದ ಬರುವ ಪಾಲಲ್ಲ. 2020–21ರಲ್ಲಿ ಪೆಟ್ರೋಲ್ ಡೀಸೆಲ್ ಮೇಲಿನ ಅಬಕಾರಿಯಿಂದ ಕೇಂದ್ರಕ್ಕೆ 3.72 ಲಕ್ಷ ಕೋಟಿ ರೂಪಾಯಿ ಬಂದು, ರಾಜ್ಯಗಳಿಗೆ ಹಂಚಿಕೆಯಾದದ್ದು 19,972 ಕೋಟಿ ಎಂದು ನಿಮ್ಮ ಸಚಿವಾಲಯವೇ ಸಂಸತ್ತಿಗೆ ತಿಳಿಸಿದೆ. ನೂರಕ್ಕೆ ಐದೂವರೆಯೂ ಇಲ್ಲ.

ರಾಜ್ಯಗಳು ಮಾರಾಟ ತೆರಿಗೆಯನ್ನು ಕಚ್ಚಿ ಹಿಡಿದಿರುವುದಕ್ಕೆ ಇದೂ ಒಂದು ಕಾರಣ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿಯೇ ಏರಿಸಿ ಇಳಿಸಬಹುದಾದ ದೊಡ್ಡ ತೆರಿಗೆಗಳು ಬೆರಳೆಣಿಕೆಯಷ್ಟು: ಮದ್ಯದ ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ, ಇಂಧನದ ಮಾರಾಟ ತೆರಿಗೆ. ಬಜೆಟ್‌ನಲ್ಲಿ ಎಲ್ಲಿ ಕೊರತೆ ಬಿದ್ದರೂ ಕೈ ಹೋಗುವುದು ಈ ನಾಲ್ಕರ ಮೇಲೆ. ರಾಜ್ಯದ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಅದನ್ನು ಮುಂದಿಟ್ಟು ಹೇಳುವ ಎಲ್ಲ ಸಮರ್ಥನೆಯನ್ನೂ ಒಪ್ಪಲಾಗದು.

"ನೆರೆ ರಾಜ್ಯಗಳಿಗಿಂತ ನಮ್ಮಲ್ಲಿ ಇನ್ನೂ ಕಡಿಮೆ" ಎಂಬುದು ಪ್ರತಿ ಏರಿಕೆಯಲ್ಲೂ ಕೇಳುವ ಮಾತು. ಆಂಧ್ರ, ತೆಲಂಗಾಣ, ಕೇರಳದ ಮಟ್ಟಿಗೆ ಅದು ನಿಜ. ತಮಿಳುನಾಡಿನ ಮಟ್ಟಿಗೆ ಪೆಟ್ರೋಲ್ ವಿಚಾರದಲ್ಲಿ ನಿಜವಲ್ಲ: 2024ರ ಜೂನ್ ಏರಿಕೆಯ ಬಳಿಕ ಬೆಂಗಳೂರಿನ ಪೆಟ್ರೋಲ್ ಚೆನ್ನೈಗಿಂತ 2 ರೂಪಾಯಿ ದುಬಾರಿಯಾಯಿತು. ಡೀಸೆಲ್‌ನಲ್ಲಿ ಚೆನ್ನೈಗಿಂತ ಆರು ರೂಪಾಯಿಗೂ ಹೆಚ್ಚು ಅಗ್ಗವಿದ್ದದ್ದು, ಎರಡು ಏರಿಕೆಗಳಲ್ಲಿ ಒಂದೂವರೆ ರೂಪಾಯಿಯ ಅಂತರಕ್ಕೆ ಬಂದು ನಿಂತಿತು. ದೂರದ ಲಾರಿಗಳಿಗೆ ಐನೂರು, ಆರುನೂರು ಲೀಟರಿನ ಟ್ಯಾಂಕ್ ಹಾಕಿಸಿಕೊಳ್ಳುವ ಸೌಕರ್ಯವಿದೆ. ಲೀಟರಿಗೆ ಆರು ರೂಪಾಯಿ ಉಳಿಯುತ್ತದೆ ಎಂದರೆ ಚಾಲಕ ಅತ್ತಿಬೆಲೆಯಲ್ಲೇ ಟ್ಯಾಂಕ್ ತುಂಬಿಸಿ ಹೊಸೂರು ದಾಟುತ್ತಾನೆ. ಒಂದೂವರೆ ರೂಪಾಯಿಗೆ ಆ ಲೆಕ್ಕಾಚಾರ ದುರ್ಬಲವಾಗುತ್ತದೆ. ಹೊರರಾಜ್ಯದ ಲಾರಿ ನಮ್ಮ ಗಡಿಯ ಬಂಕಿನಲ್ಲಿ ಸುರಿಯುತ್ತಿದ್ದ ತೆರಿಗೆಯನ್ನು ದರ ಏರಿಸಿ ಕಳೆದುಕೊಳ್ಳುವ ಅಪಾಯವನ್ನು ಹಣಕಾಸು ಇಲಾಖೆ ಲೆಕ್ಕ ಹಾಕಿದೆಯೇ? ಹಾಕಿದ್ದರೆ ಪ್ರಕಟಿಸಲಿ.

ಇನ್ನು ಬಸ್ಸಿನ ವಿಚಾರ. 2025ರ ಜನವರಿ 5ರಿಂದ ನಾಲ್ಕು ಸಾರಿಗೆ ನಿಗಮಗಳ ಪ್ರಯಾಣ ದರ ಶೇ 15 ಏರಿತು. ಸರ್ಕಾರ ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಡೀಸೆಲ್: ಹತ್ತು ವರ್ಷದ ಹಿಂದೆ ದಿನಕ್ಕೆ 9.16 ಕೋಟಿ ಇದ್ದ ನಿಗಮಗಳ ಡೀಸೆಲ್ ಖರ್ಚು 13.21 ಕೋಟಿ ಆಗಿದೆ ಎಂದಿತು. ಮೂರು ತಿಂಗಳು ತುಂಬುವ ಮೊದಲೇ ಅದೇ ಸರ್ಕಾರ ಅದೇ ಡೀಸೆಲ್ ಮೇಲಿನ ತೆರಿಗೆ ಏರಿಸಿತು. ಟಿಕೆಟ್ ದರ ಏರಿಸಿ ತುಂಬಿಕೊಂಡ ಹಣದ ಒಂದು ಪಾಲನ್ನು ಡೀಸೆಲ್ ತೆರಿಗೆಯಾಗಿ ವಾಪಸ್ ಪಡೆದರೆ ನಿಗಮಕ್ಕೆ ಬಲ ಬರುವುದು ಹೇಗೆ?

ಲಾರಿಯ ಲೆಕ್ಕವನ್ನು ಉತ್ಪ್ರೇಕ್ಷೆ ಇಲ್ಲದೆ ಹೇಳುತ್ತೇವೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿಲೋಮೀಟರ್. 16 ಟನ್ ಈರುಳ್ಳಿ ಹೇರಿದ ಲಾರಿ ಲೀಟರಿಗೆ 4 ಕಿಲೋಮೀಟರ್ ಕೊಟ್ಟರೆ 102 ಲೀಟರ್ ಬೇಕು. ಅದರಲ್ಲಿ ಎರಡೂ ಸರ್ಕಾರಗಳ ತೆರಿಗೆ ಸುಮಾರು 3,390 ರೂಪಾಯಿ, ಕಿಲೋ ಈರುಳ್ಳಿಗೆ 21 ಪೈಸೆ. ಇಷ್ಟೇನಾ ಎನಿಸಬಹುದು. ಆದರೆ ಲಾರಿ ಖಾಲಿ ಮರಳಿದರೆ ಇದು ಇಮ್ಮಡಿ. ಈರುಳ್ಳಿ ಬೆಳೆದ ಹೊಲವನ್ನು ಉತ್ತ ಟ್ರ್ಯಾಕ್ಟರು, ಗೊಬ್ಬರ ತಂದ ಲಾರಿ, ಮಂಡಿಗೆ ಒಯ್ದ ಟೆಂಪೊ, ಯಶವಂತಪುರದಿಂದ ಬಡಾವಣೆಯ ಅಂಗಡಿಗೆ ಬಂದ ಗೂಡ್ಸ್ ಆಟೊ, ಎಲ್ಲವೂ ತಂತಮ್ಮ ಪಾಲಿನ ತೆರಿಗೆಯನ್ನು ಬೆಲೆಯೊಳಗೆ ಸೇರಿಸುತ್ತ ಬರುತ್ತವೆ. ಉಳಿದ ಸರಕುಗಳಲ್ಲಿ ವ್ಯಾಪಾರಿ ತಾನು ಕೊಟ್ಟ ಜಿಎಸ್‌ಟಿಯನ್ನು ತಾನು ಮುಂದೆ ಕಟ್ಟುವ ತೆರಿಗೆಯಿಂದ ಕಳೆಯಬಹುದು. ಡೀಸೆಲ್‌ಗೆ ಆ ಇನ್‌ಪುಟ್ ಕ್ರೆಡಿಟ್ ಇಲ್ಲ. ಕಟ್ಟಿದ ತೆರಿಗೆ ಬೆಲೆಯೊಳಗೇ ಹೂತುಹೋಗುತ್ತದೆ, ಅದರ ಮೇಲೆ ಮುಂದಿನವರು ಲಾಭವನ್ನೂ ತೆರಿಗೆಯನ್ನೂ ಕಟ್ಟುತ್ತಾರೆ. 2025ರ ಏಪ್ರಿಲ್ ಮಧ್ಯದಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ದು 2 ರೂಪಾಯಿಯ ಹಟಕ್ಕಲ್ಲ.

ಹಾಗಾದರೆ ಜಿಎಸ್‌ಟಿಗೆ ಸೇರಿಸಿಬಿಡಿ ಎನ್ನುವುದು ಸುಲಭದ ಘೋಷಣೆ. ಸಂವಿಧಾನದ 279ಎ ವಿಧಿಯಲ್ಲಿ ಅದಕ್ಕೆ ದಾರಿಯೂ ಇದೆ: ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನ ಇಂಧನ, ಈ ಐದಕ್ಕೆ ಯಾವ ದಿನದಿಂದ ಜಿಎಸ್‌ಟಿ ಎಂದು ಕೇಂದ್ರ ಮತ್ತು ರಾಜ್ಯಗಳ ಸಚಿವರಿರುವ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು. ಕೇರಳ ಹೈಕೋರ್ಟ್ ಸೂಚನೆಯ ಮೇರೆಗೆ 2021ರ ಸೆಪ್ಟೆಂಬರ್ 17ರ ಲಖನೌ ಸಭೆಯಲ್ಲಿ ವಿಷಯ ಬಂತು, ಇದು ಸಮಯವಲ್ಲ ಎಂದು ಮುಗಿಯಿತು. 2024ರ ಡಿಸೆಂಬರ್‌ನ ಜೈಸಲ್ಮೇರ್ ಸಭೆಯಲ್ಲಿ ವಿಮಾನ ಇಂಧನವನ್ನು ಸೇರಿಸಲೂ ರಾಜ್ಯಗಳು ಒಪ್ಪಲಿಲ್ಲ. ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. ಕಂಪನಿಯ 54 ಮತ್ತು ಕಮಿಷನ್ 4.40 ಸೇರಿ 58.40ರ ಮೇಲೆ 2025ರ ಏಪ್ರಿಲ್‌ನ ತೆರಿಗೆ ಶೇ 76ರಷ್ಟಾಗುತ್ತದೆ. ಜಿಎಸ್‌ಟಿ ಕಾನೂನಿನ ಗರಿಷ್ಠ ಮಿತಿ ಶೇ 40. ಆ ಗರಿಷ್ಠವನ್ನೇ ಹಾಕಿದರೂ ಪೆಟ್ರೋಲ್ 82 ರೂಪಾಯಿ ಒಳಗೆ ಬರುತ್ತದೆ, ಆದರೆ ರಾಜ್ಯದ ಪಾಲು 22.65ರಿಂದ 11.68ಕ್ಕೆ ಇಳಿಯುತ್ತದೆ. ಪರಿಹಾರ ಇಲ್ಲದೆ ಯಾವ ರಾಜ್ಯವೂ ಇದಕ್ಕೆ ಸಹಿ ಹಾಕದು. ಶೇ 40ರ ಮೇಲೆ ಮತ್ತೊಂದು ಸೆಸ್ ಹೇರಿದರೆ ಜನರಿಗೆ ಬೆಲೆ ಇಳಿಯದು. ಹಾಗಾಗಿ ಆ ದಿನಕ್ಕಾಗಿ ಕಾಯಿರಿ ಎಂದು ನಮಗೆ ಹೇಳಬೇಡಿ. ಜಿಎಸ್‌ಟಿ ಇಲ್ಲದೆ ನಿಮ್ಮ ಕೈಯಲ್ಲೇ ಇರುವ ಕೆಲಸಗಳನ್ನು ಕೇಳುತ್ತಿದ್ದೇವೆ.

ಕೇಂದ್ರ ಮಾಡಬಹುದಾದದ್ದು: ವಿಶೇಷ ಹೆಚ್ಚುವರಿ ಸುಂಕದ 13 ರೂಪಾಯಿಯನ್ನು ಮೂಲ ಸುಂಕಕ್ಕೆ ಸೇರಿಸುವುದು. ಗ್ರಾಹಕ ಕೊಡುವ ಬೆಲೆಯಲ್ಲಿ ಒಂದು ಪೈಸೆಯೂ ಹೆಚ್ಚುವುದಿಲ್ಲ, ರಾಜ್ಯಗಳ ಹಂಚಿಕೆಗೆ ಬರುವ ಮೊತ್ತ 1.40ರಿಂದ 14.40 ಆಗುತ್ತದೆ. ಒಮ್ಮೆಗೇ ಆಗದಿದ್ದರೆ ಮೂರು ಬಜೆಟ್‌ಗಳಲ್ಲಿ ಮಾಡಿ. ಅದರ ಜೊತೆಗೆ ಕಚ್ಚಾ ತೈಲ ಯಾವ ಮಟ್ಟ ದಾಟಿದರೆ ಸುಂಕ ಎಷ್ಟು ಇಳಿಯುತ್ತದೆ, ಯಾವ ಮಟ್ಟಕ್ಕೆ ಕುಸಿದರೆ ಎಷ್ಟು ಏರಬಹುದು ಎಂಬ ಪಟ್ಟಿಯನ್ನು ಮೊದಲೇ ಪ್ರಕಟಿಸಿ. ರಾತ್ರೋರಾತ್ರಿ ಅಧಿಸೂಚನೆ ಹೊರಡಿಸುವ ಪದ್ಧತಿ ನಿಲ್ಲಲಿ.

ರಾಜ್ಯ ಮಾಡಬೇಕಾದದ್ದು ಇದಕ್ಕಿಂತ ಸರಳ. ಈಗಿನ ತೆರಿಗೆ ಪೂರ್ತಿ ಶೇಕಡಾವಾರು. ಹಾಗಾಗಿ ಕಚ್ಚಾ ತೈಲ ಬ್ಯಾರೆಲ್‌ಗೆ 1 ಡಾಲರ್ ಏರಿ 53 ಪೈಸೆಯ ಹೊರೆ ಬಂದರೆ ಬೆಂಗಳೂರಿನ ಗ್ರಾಹಕ 69 ಪೈಸೆ ಕೊಡುತ್ತಾನೆ. ಯುದ್ಧವೋ ಮತ್ತೊಂದೋ ಬಂದು ಬ್ಯಾರೆಲ್ 68ರಿಂದ 110 ಡಾಲರ್ ಮುಟ್ಟಿತೆನ್ನಿ, ಆ ಏರಿಕೆ ಪೂರ್ತಿ ಬಂಕಿಗೆ ದಾಟಿದರೆ ಶೇ 29.84ರ ದರ ಮುಟ್ಟದೆಯೇ ರಾಜ್ಯಕ್ಕೆ ಲೀಟರಿಗೆ ಇನ್ನೂ 6 ರೂಪಾಯಿ 70 ಪೈಸೆ ಬರುತ್ತದೆ. ವಿಧಾನಸಭೆಯಲ್ಲಿ ಒಂದು ಮಾತೂ ಆಡದೆ ಆದ ತೆರಿಗೆ ಏರಿಕೆ ಅದು. ತಮಿಳುನಾಡು ಪೆಟ್ರೋಲಿಗೆ ಶೇ 13ರ ಜೊತೆ ಲೀಟರಿಗೆ 11.52 ರೂಪಾಯಿ, ಡೀಸೆಲ್‌ಗೆ ಶೇ 11ರ ಜೊತೆ 9.62 ರೂಪಾಯಿ ಎಂದು ತೆರಿಗೆಯ ದೊಡ್ಡ ಭಾಗವನ್ನು ಸ್ಥಿರ ಮಾಡಿಕೊಂಡಿದೆ. ಕರ್ನಾಟಕವೂ ಈಗ ಬರುವ ಮೊತ್ತವನ್ನೇ ಹಿಡಿದು, ಲೀಟರಿಗೆ ಇಷ್ಟು ರೂಪಾಯಿ ಎಂದು ಬದಲಿಸಿಕೊಳ್ಳಲಿ. ಅಂದಿನ ದಿನ ರಾಜ್ಯಕ್ಕೆ ನಷ್ಟವಿಲ್ಲ, ತೈಲ ಕುಸಿದಾಗಲೂ ಆದಾಯ ಕುಸಿಯದು, ಏರಿದಾಗ ಜನರ ಮೇಲೆ ಇಮ್ಮಡಿ ಪೆಟ್ಟು ಬೀಳದು. ಕೇಂದ್ರದ ಸುಂಕದ ಮೇಲಿನ ತೆರಿಗೆಯೂ ಇದರಿಂದ ಇಲ್ಲವಾಗುತ್ತದೆ.

ಗುರಿ ಹಿಡಿದು ರಿಯಾಯಿತಿ ಕೊಡುವುದು ನಿಮಗೆ ಹೊಸದಲ್ಲ. ಕರಾವಳಿಯ ಯಾಂತ್ರಿಕ ದೋಣಿಗಳಿಗೆ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡುವ ಪದ್ಧತಿ ವರ್ಷಗಳಿಂದ ಇದೆ, 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷ ಕಿಲೋಲೀಟರ್‌ಗೆ ಏರಿಸಲಾಯಿತು. ದೋಣಿಗೆ ಆಗುವುದು ಸಾರಿಗೆ ನಿಗಮದ ಡಿಪೋಗೆ ಏಕೆ ಆಗಬಾರದು? ಡಿಪೋದಲ್ಲಿ ಎಷ್ಟು ಲೀಟರ್ ಇಳಿಯಿತು, ಯಾವ ಬಸ್ಸಿಗೆ ಎಷ್ಟು ಹೋಯಿತು ಎಂಬುದು ದೋಣಿಗಿಂತ ಚೊಕ್ಕವಾಗಿ ದಾಖಲಾಗುತ್ತದೆ. ಸೋರಿಕೆಯ ನೆಪಕ್ಕೆ ಇಲ್ಲಿ ಜಾಗವಿಲ್ಲ.

ಕೊನೆಯದಾಗಿ ಬಿಲ್ಲು. ಇದಕ್ಕೆ ಕಾನೂನು ತಿದ್ದುಪಡಿ ಬೇಡ, ಬಜೆಟ್ ಬೇಡ. ಬಂಕ್‌ಗಳ ಯಂತ್ರಗಳು ಈಗಾಗಲೇ ಕಂಪನಿಯ ಕಂಪ್ಯೂಟರ್ ಜಾಲಕ್ಕೆ ಸೇರಿವೆ, ಪ್ರತಿ ಬೆಳಿಗ್ಗೆ 6 ಗಂಟೆಗೆ ದರ ತಾನಾಗಿಯೇ ಬದಲಾಗುತ್ತದೆ. ದರ ಕಳುಹಿಸುವ ಅದೇ ದಾರಿಯಲ್ಲಿ ಇನ್ನೂ ನಾಲ್ಕು ಅಂಕಿ ಕಳುಹಿಸಿದರೆ ಸಾಕು: ಕಂಪನಿಯ ಬೆಲೆ, ಕೇಂದ್ರ ಸುಂಕ, ರಾಜ್ಯ ತೆರಿಗೆ, ಡೀಲರ್ ಕಮಿಷನ್. ಬಿಲ್ಲಿನ ಕೆಳಗೆ ನಾಲ್ಕು ಸಾಲು, ಕನ್ನಡದಲ್ಲಿ. ಬಿಲ್ಲು ಕೇಳದೆ ಹೋಗುವವರಿಗಾಗಿ ದರದ ಫಲಕದ ಕೆಳಗೂ ಅದೇ ನಾಲ್ಕು ಸಾಲು. ಕೇಂದ್ರ ತನ್ನ ಕಂಪನಿಗಳಿಗೆ ಒಂದು ಸುತ್ತೋಲೆ ಕಳುಹಿಸಲಿ, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ತನ್ನ ಅಂಕಿಯನ್ನು ಕೊಡಲಿ. ಯಾರು ಮೊದಲು ಮಾಡುತ್ತೀರಿ ಎಂಬುದನ್ನು ಮೂವತ್ತು ದಿನದೊಳಗೆ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ.

ಇತಿ,
ಇಂಧನ, ಸಾಗಾಟ ಮತ್ತು ತೆರಿಗೆಯ ಲೆಕ್ಕ ನೋಡುವ ಕೆಲವು ನಾಗರಿಕರು
ಬೆಂಗಳೂರು